ನಿದ್ದೆಯ ಟೆಂಡರು

ಎಲ್ಲ ಅನಾಹುತಕ್ಕೂ ಕಾರಣವಾದದ್ದು ಒಂದು ಆಕಳಿಕೆ. ಅದೂ ಪೂರ್ತಿ ಆಕಳಿಕೆಯಲ್ಲ. ಅರ್ಧ ಬಂದು, ಮ್ಯಾನೇಜರ ಮುಖ ಕಂಡು, ಉಳಿದರ್ಧ ಗಂಟಲಲ್ಲೇ ಇಂಗಿಹೋದ ಆಕಳಿಕೆ.

ಬೆಳಗಿನ ಮೀಟಿಂಗು ನಡೆದಿತ್ತು. ಕಂಪನಿ ಕಟ್ಟುತ್ತಿದ್ದ ವಸತಿಗೃಹ ಮುಗಿಯುವ ಹಂತಕ್ಕೆ ಬಂದಿತ್ತು. ಕಬ್ಬಿಣ, ಸಿಮೆಂಟು, ಟೈಲ್ಸು, ನಲ್ಲಿ, ಬಾಗಿಲು ಎಲ್ಲವೂ ಬಂದು ತಮ್ಮ ತಮ್ಮ ಜಾಗ ಸೇರಿಕೊಂಡಿದ್ದವು. ಲಾರಿಗಳೆಲ್ಲ ಈಗ ಕಂಪನಿಯ ಬೇರೆ ಕಟ್ಟಡಗಳ ಕಡೆ ಓಡುತ್ತಿದ್ದವು; ಇಲ್ಲಿಗೆ ಕೊಳ್ಳುವುದಕ್ಕೆ ಉಳಿದದ್ದು ಹಾಸಿಗೆಗಳು ಮಾತ್ರ. ಮೂರು ಕಂಪನಿಯವರು ಒಂದೊಂದು ಸ್ಯಾಂಪಲ್ ಕಳಿಸಿದ್ದರು.

"ಇವನ್ನ ಯಾರಾದ್ರೂ ಸರಿಯಾಗಿ ಪರೀಕ್ಷೆ ಮಾಡಿ ಇವತ್ತೇ ಅಭಿಪ್ರಾಯ ಹೇಳ್ಬೇಕು. ಸಾಯಂಕಾಲ ಯಜಮಾನ್ರೇ ಬಂದು ತೀರ್ಮಾನ ಮಾಡ್ತಾರೆ. ಯಾರು ಮಾಡ್ತೀರಿ?" ಎಂದು ಮ್ಯಾನೇಜರು ಕೇಳಿದ ಹೊತ್ತಿಗೆ ಸರಿಯಾಗಿ ಖರೀದಿ ವಿಭಾಗದ ಕೊಟೇಶನಪ್ಪನ ಬಾಯಿ ತೆರೆದುಕೊಂಡಿತು.

"ಹಾಂ, ನೀವೊಬ್ರಾದ್ರೂ ಬಾಯಿ ಬಿಟ್ರಲ್ಲ, ಸಂತೋಷ. ನೀವೇ ಮಾಡಿ."

ಕೊಟೇಶನಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಆಫೀಸು ಇಟ್ಟದ್ದು. ಒಂದು ಪೆನ್ಸಿಲ್ ಕೊಳ್ಳಬೇಕಾದರೂ ಅವನಿಗೆ ಮೂರು ಅಂಗಡಿಯ ಕೊಟೇಶನ್ ಬೇಕು. ಒಮ್ಮೆ ಮಳೆಯಲ್ಲಿ ಛತ್ರಿ ಕೊಳ್ಳಲು ಹೋದವನು ಮೂರನೆಯ ಅಂಗಡಿಗೆ ದಾಟುವಷ್ಟರಲ್ಲಿ ತಲೆಯಿಂದ ಕಾಲಿನವರೆಗೆ ತೊಯ್ದು, ಇನ್ನು ಛತ್ರಿ ತೆಗೆದುಕೊಂಡು ಏನು ಮಾಡುವುದೆಂದು ಬರಿಗೈಯಲ್ಲಿ ಮನೆಗೆ ಬಂದಿದ್ದ. ಮನುಷ್ಯ ಪ್ರಾಮಾಣಿಕ. ಆದರೆ ಆ ಪ್ರಾಮಾಣಿಕತೆ ಅವನ ನಿದ್ದೆಯನ್ನು ತಿಂದುಹಾಕಿತ್ತು. ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಸಾಕು, ಒಳಗೆ ಲಾರಿಗಳು ಸ್ಟಾರ್ಟ್ ಆಗುತ್ತಿದ್ದವು. ಮರಳು ಎಲ್ಲಿಗೆ ಬಂತು? ಪೈಪು ಬರುವ ಮುಂಚೆ ಬಚ್ಚಲಿನ ಟೈಲ್ಸು ಬಂದುಬಿಟ್ಟರೆ? ಕಿಟಕಿ ಬಂದು ಗಾಜು ಬರದಿದ್ದರೆ? ಮೊದಲು ಯಾವುದು, ಆಮೇಲೆ ಯಾವುದು ಎಂದು ಜೋಡಿಸುತ್ತ ಜೋಡಿಸುತ್ತ ಹಕ್ಕಿ ಕೂಗುವ ಹೊತ್ತಾಗುತ್ತಿತ್ತು.

"ರೀ, ನಿಮ್ಮ ತಲೆಯೊಳಗೆ ಲಾರಿ ಓಡೋ ಸದ್ದು ನನಗೂ ಕೇಳುತ್ತೆ. ಒಂದು ಗಳಿಗೆ ಎಂಜಿನ್ ಆಫ್ ಮಾಡಿ ಮಲಕೊಳ್ಳಬಾರದಾ?" ಎನ್ನುತ್ತಿದ್ದಳು ಹೆಂಡತಿ. ಅವಳು ಹಾಗೆಂದು ಮಗ್ಗುಲು ಬದಲಿಸುವುದರೊಳಗೆ ನಿದ್ದೆಹೋಗುತ್ತಿದ್ದಳು. ಅವನು ಅದನ್ನು ನೋಡುತ್ತ, ಬಡವನು ಮಿಠಾಯಿ ಅಂಗಡಿಯ ಗಾಜಿನ ಮುಂದೆ ನಿಂತ ಹಾಗೆ, ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದ.

ಹಾಸಿಗೆಗಳನ್ನು ವಸತಿಗೃಹದ ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ ಸಾಲಾಗಿ ಹಾಸಿದ್ದರು. ಬಾಗಿಲ ಬಳಿ ಸ್ಪ್ರಿಂಗಿನದು, ನಡುವೆ ನಾರಿನದು, ಕಿಟಕಿಯ ಪಕ್ಕ ಹತ್ತಿಯದು. ಹೊಸ ಬಣ್ಣದ ತೆಳ್ಳನೆಯ ವಾಸನೆ. ಪರದೆ ಇನ್ನೂ ಕಟ್ಟದ ಕಿಟಕಿಯಿಂದ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಮೂಲೆಯಲ್ಲಿ ಪೇಂಟರು ಏಣಿಯ ತುದಿಯಲ್ಲಿ ಕೂತು ಚಾವಣಿಗೆ ಬಿಳಿ ಬಣ್ಣ ಬಳಿಯುತ್ತಿದ್ದ. ಕುಂಚ ಆಡುವ ಸದ್ದು ಯಾರೋ ದೂರದಲ್ಲಿ ಕೂದಲು ಬಾಚಿಕೊಳ್ಳುತ್ತಿದ್ದಾರೋ ಎನ್ನುವಷ್ಟು ಮೆತ್ತಗಿತ್ತು.

ಕೊಟೇಶನಪ್ಪ ಚಪ್ಪಲಿ ಬಿಟ್ಟು ಸ್ಪ್ರಿಂಗಿನದನ್ನು ಕೈಯಿಂದ ಒತ್ತಿ ನೋಡಿದ. ನಾರಿನದರ ದಪ್ಪ ಅಳೆದ. ಅಂಚಿನ ಹೊಲಿಗೆ ಎಳೆದು ನೋಡಿದ. ಕೂತು ನೋಡಿದ. ಮಲಗಿ ನೋಡದೆ ಹೇಗೆ ಹೇಳುವುದು? ಬೆನ್ನು ಊರಿದ. ಜೇಬಿನಿಂದ ಮೊಬೈಲು ತೆಗೆದು ನೋಡಿದರೆ ಅದರಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಈ ಕ್ಷಣದಲ್ಲಿ ಜಗತ್ತಿನ ಯಾವ ಲಾರಿಯವನೂ ತನ್ನನ್ನು ಹುಡುಕಲಾರ ಎಂದು ಅವನಿಗೆ ಹೊಳೆಯಿತು. ಹೊಳೆದದ್ದೇ ತಡ, ಮೈಯ ಕೀಲುಗಳೆಲ್ಲ ಒಂದೊಂದಾಗಿ ಸಡಿಲವಾದವು.

ಲಾರಿಗಳು ಬಂದವು. ಆದರೆ ಸದ್ದಿಲ್ಲದೆ, ದೋಣಿಗಳ ಹಾಗೆ ತೇಲುತ್ತ ಬಂದವು. ಮರಳು ತಾನೇ ಇಳಿದು ಅಂಗಳದ ಮೂಲೆಯಲ್ಲಿ ಕೂತಿತು. ಸಿಮೆಂಟಿನ ಚೀಲಗಳು ಶಾಲೆಯ ಮಕ್ಕಳಂತೆ ಒಂದರ ಭುಜ ಇನ್ನೊಂದು ಹಿಡಿದು ಮೆಟ್ಟಿಲು ಹತ್ತಿದವು. ಕಿಟಕಿಯ ಹಿಂದೆಯೇ ಗಾಜು, ಗಾಜಿನ ಹಿಂದೆಯೇ ಮೊಳೆ. "ನಿಮ್ಮದು ಮುಂದಿನ ವಾರ ಅಲ್ವೇನಪ್ಪಾ?" ಎಂದು ಅವನು ಕೇಳಿದರೆ ಬಚ್ಚಲಿನ ಟೈಲ್ಸು ನಾಚಿಕೊಂಡು, "ಕ್ಷಮಿಸಿ ಸಾರ್, ಪೈಪು ಬಂದ್ಮೇಲೇ ಬರ್ತೀವಿ" ಎಂದು ಹಿಂದಕ್ಕೆ ತೇಲಿಹೋದವು. ಆಕಾಶದ ತುಂಬ ಹತ್ತಿ ಹರಡಿತ್ತು. ಯಾರಿಗೂ ಯಾವ ಅವಸರವೂ ಇರಲಿಲ್ಲ.

"ಸತ್ತುಗಿತ್ತು ಹೋಗಿದ್ದಾರಾ?" ಎಂದು ಒಂದು ಮೋಡ ಕೇಳಿತು.

"ಇಲ್ಲ ಬಿಡಿ ಮೇಡಂ, ಸತ್ತೋರು ಗೊರಕೆ ಹೊಡೀತಾರಾ?" ಎಂದಿತು ಇನ್ನೊಂದು.

ಕಣ್ಣು ತೆರೆದರೆ ಮೇಲೆ ಮುಖಗಳ ಗೊಂಚಲು. ಮೊದಲ ಮೋಡ ಲೆಕ್ಕದ ವಿಭಾಗದ ಮೇಡಂ, ಎರಡನೆಯದು ಏಣಿಯ ಮೇಲಿನ ಪೇಂಟರು. ಅವರಲ್ಲದೆ ಮ್ಯಾನೇಜರು, ಮತ್ತು ತಮ್ಮ ಸರಕಿನ ಗತಿ ಏನಾಯಿತೆಂದು ವಿಚಾರಿಸಲು ಬಂದಿದ್ದ ಮೂವರು ಹಾಸಿಗೆಯವರು.

"ಡ್ಯೂಟಿ ಹೊತ್ತಲ್ಲಿ ಏನ್ರೀ ಇದು?" ಮ್ಯಾನೇಜರ ದನಿಯಲ್ಲಿ ಅಮಾನತಿನ ವಾಸನೆ ಇತ್ತು. ಹೋದ ತಿಂಗಳಷ್ಟೇ ಕಾವಲುಗಾರನೊಬ್ಬ ಕುರ್ಚಿಯಲ್ಲಿ ತೂಕಡಿಸಿದ್ದಕ್ಕೆ ಯಜಮಾನರು ಅವನನ್ನು ಮನೆಗೆ ಕಳಿಸಿದ್ದರು. ಕೊಟೇಶನಪ್ಪನ ಬಾಯಿಗೆ ಬಂದದ್ದು ಒಂದೇ ಮಾತು:

"ಪರೀಕ್ಷೆ ಮಾಡ್ತಿದ್ದೆ ಸಾರ್!"

"ಗೊರಕೆ ಹೊಡ್ಕೊಂಡಾ?"

"ಹಾಸಿಗೆ ಪರೀಕ್ಷೆ ಅಂದ್ರೆ ಇನ್ನೇನು ಸಾರ್. ಮಲಗಿ, ನಿದ್ದೆ ಬರುತ್ತೋ ಇಲ್ವೋ ನೋಡ್ಬೇಕಲ್ಲ."

ನಾರಿನವನು ಒಂದೇ ನೆಗೆತಕ್ಕೆ ಮುಂದೆ ಬಂದ. "ನೋಡಿದ್ರಾ? ನೋಡಿದ್ರಾ? ನಮ್ಮ ಹಾಸಿಗೆ ಮೇಲೆ ಸಾಹೇಬ್ರು ಹಾಲು ಕುಡಿದ ಮಗು ಹಾಗೆ ಮಲಗಿದ್ರು. ಇನ್ನೇನು ಸಾಕ್ಷಿ ಬೇಕು? ಆರ್ಡರ್ ಬರ್ಕೊಳ್ಳಿ."

"ಅದು ಹೇಗ್ರೀ ಆಗುತ್ತೆ?" ಸ್ಪ್ರಿಂಗಿನವನು ತೋಳೇರಿಸಿದ. "ನಮ್ಮದರ ಮೇಲೆ ಬರೀ ಕೈಯಿಟ್ಟು ಒತ್ತಿ ನೋಡೋದು, ಅವರದರ ಮೇಲೆ ಗೊರಕೆ ಹೊಡೆಯೋದು! ಇದೇನು ಟೆಂಡರೋ, ಬೀಗತನವೋ?"

"ನಮ್ಮದನ್ನಂತೂ ಮುಟ್ಟೇ ಇಲ್ಲ," ಎಂದು ಹತ್ತಿಯವನು ತನ್ನ ಹಾಸಿಗೆಯ ತಲೆ ಸವರಿದ, ಬಹುಮಾನ ಸಿಗದ ಮಗನನ್ನು ಸಂತೈಸುವ ಅಪ್ಪನ ಹಾಗೆ.

ಎಲ್ಲರೂ ಲೆಕ್ಕದ ಮೇಡಂ ಕಡೆ ನೋಡಿದರು. ಕಂಪನಿಯ ನಿಯಮಗಳೆಲ್ಲ ಅವರ ತಲೆಯಲ್ಲಿದ್ದವು. ಅಲ್ಲಿ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಅವರು ಕನ್ನಡಕ ಮೇಲಕ್ಕೇರಿಸಿ ಹೇಳಿದರು: "ಒಬ್ಬರಿಗೆ ಯಾವ ಪರೀಕ್ಷೆಯೋ ಮೂವರಿಗೂ ಅದೇ ಪರೀಕ್ಷೆ. ಇವರು ಉಳಿದ ಎರಡರ ಮೇಲೂ ನಿದ್ದೆ ಮಾಡ್ಬೇಕು."

"ಸರಿಯಾದ ಮಾತು," ಎಂದರು ಮ್ಯಾನೇಜರು. "ನೋಡಿ ಕೊಟೇಶನಪ್ಪಾ, ಇನ್ನೆರಡರ ಮೇಲೂ ನೀವು ನಿದ್ದೆ ಮಾಡಿದ್ರೆ ಅದು ಪರೀಕ್ಷೆ. ಮಾಡದೇ ಇದ್ರೆ, ಮೊದಲು ಮಾಡಿದ್ದು ಬರೀ ನಿದ್ದೆ. ಬರೀ ನಿದ್ದೆ ಅಂತಾದ್ರೆ ಯಜಮಾನ್ರಿಗೆ ಹೇಳದೆ ನನಗೆ ಬೇರೆ ದಾರಿ ಇಲ್ಲ."

ಹೀಗೆ, ನಿದ್ದೆ ಮಾಡಲಿಲ್ಲವೆಂದು ತೋರಿಸಲು ಕೊಟೇಶನಪ್ಪ ಇನ್ನೆರಡು ಸಲ ನಿದ್ದೆ ಮಾಡಬೇಕಾಯಿತು.

ಸ್ಪ್ರಿಂಗಿನ ಹಾಸಿಗೆಯ ಮೇಲೆ ಅವನು ಅಂಗಾತ ಮಲಗಿದ. ಸುತ್ತ ಆರು ಜನ, ಆಪರೇಷನ್ ನೋಡಲು ನಿಂತವರಂತೆ. ಕಣ್ಣು ಮುಚ್ಚಿದರೂ ರೆಪ್ಪೆಯ ಆಚೆ ಅವರ ನೋಟ ಚುಚ್ಚುವುದು ತಿಳಿಯುತ್ತಿತ್ತು.

"ಬಂತಾ?" ಎಂದರು ಮ್ಯಾನೇಜರು.

"ಇನ್ನೂ ಇಲ್ಲ ಸಾರ್."

"ಪಾದ ಸಡಿಲ ಬಿಡಿ ಸಾರ್," ಎಂದು ಸ್ಪ್ರಿಂಗಿನವನು ಕಿವಿಯ ಹತ್ತಿರ ಬಾಗಿದ. "ನೀವು ನೀರಿನ ಮೇಲಿದ್ದೀರಿ. ತೇಲ್ತಾ ಇದ್ದೀರಿ. ಒಳಗೆ ಎಲ್ಲಾ ಒಳ್ಳೇ ಉಕ್ಕು, ಹತ್ತು ವರ್ಷ ಗ್ಯಾರಂಟಿ, ತೇಲ್ತಾ ಇದ್ದೀರಿ..."

ಅಷ್ಟರಲ್ಲಿ ನಾರಿನವನಿಗೆ ಎಲ್ಲಿಂದಲೋ ಕೆಮ್ಮು ಬಂತು. ಅದು ಮುಗಿಯಿತು ಎನ್ನುವಾಗ ಸೀನು ಬಂತು. "ಧೂಳು ಸಾರ್, ಏನ್ಮಾಡ್ಲಿ," ಎಂದು ಮುಗ್ಧ ಮುಖ ಮಾಡಿದ. ಸ್ಪ್ರಿಂಗಿನವನು ಅವನ ಕತ್ತಿನ ಪಟ್ಟಿಗೆ ಕೈ ಹಾಕಿದ. ಹತ್ತಿಯವನು ಬಿಡಿಸಲು ಹೋಗಿ ಏಣಿಗೆ ಎಡವಿದ. ಮೇಲಿನಿಂದ ಒಂದು ಹನಿ ಬಿಳಿ ಬಣ್ಣ ಕೊಟೇಶನಪ್ಪನ ಮೂಗಿನ ತುದಿಗೆ ಬಿತ್ತು.

"ಒರೆಸ್ಕೋಬೇಡಿ ಸಾರ್," ಎಂದ ಪೇಂಟರು. "ಒರೆಸಿದ್ರೆ ಹರಡುತ್ತೆ. ಒಣಗಲಿ, ನಿಮ್ಮ ಪಾಡಿಗೆ ನೀವು ನಿದ್ದೆ ಮಾಡಿ."

"ಇದರ ಮೇಲೆ ಬರಲ್ಲ, ಸುಮ್ನೆ ಹೊತ್ತು ಕಳೀಬೇಡಿ. ನಮ್ಮದಕ್ಕೆ ಕರ್ಕೊಂಡು ಬನ್ನಿ," ಎಂದು ಹತ್ತಿಯವನು ಅವನನ್ನು ಕೈಹಿಡಿದು ಎಬ್ಬಿಸಿ ಕಿಟಕಿಯ ಪಕ್ಕಕ್ಕೆ ನಡೆಸಿಕೊಂಡು ಹೋದ. ಹತ್ತಿಯ ಹಾಸಿಗೆ ನಿಜಕ್ಕೂ ಅಜ್ಜಿಯ ಮಡಿಲಿನ ಹಾಗಿತ್ತು. ಆದರೆ ಕಿಟಕಿಯ ಪಕ್ಕದಲ್ಲಿ ಸಿಗ್ನಲ್ ಇತ್ತು. ತಲೆ ಇಟ್ಟನೋ ಇಲ್ಲವೋ, ಅಷ್ಟು ಹೊತ್ತು ತಡೆದಿದ್ದ ಫೋನುಗಳೆಲ್ಲ ಕಟ್ಟೆಯೊಡೆದು ನುಗ್ಗಿದವು.

"ಸಾರ್, ಮರಳು ಗಾಡಿ ದಾರಿ ತಪ್ಪಿದೆ, ಇಲ್ಲೊಂದು ಶಾಲೆ ಮುಂದೆ ನಿಂತಿದ್ದೀನಿ."

"ಬಲಕ್ಕೆ ತಿರುಗಪ್ಪಾ..." ಎಂದು ಕೊಟೇಶನಪ್ಪ ಮಲಗಿದಲ್ಲೇ ಕೈ ಎತ್ತಿ ತೋರಿಸಿದ.

"ಸಾರ್, ನೀವು ಹೇಳಿದ ಬೀಗ ಇಲ್ಲ, ಅದರ ತಮ್ಮನಂಥದು ಒಂದಿದೆ, ಕಳಿಸ್ಲಾ?"

"ತಮ್ಮ ಬೇಡ, ಅಣ್ಣನೇ ಬೇಕು!"

ಮೂರನೆಯದು ಹೆಂಡತಿಯ ಫೋನು. "ರೀ, ಊಟ ಆಯ್ತಾ? ಏನ್ಮಾಡ್ತಿದ್ದೀರಾ?"

"ಮಲಗಿದ್ದೀನಿ ಕಣೆ."

"ಆಫೀಸಲ್ಲಾ?"

"ಹೂಂ. ಆದ್ರೆ ನಿದ್ದೆ ಬರ್ತಿಲ್ಲ. ಬರದಿದ್ರೆ ಕೆಲಸಕ್ಕೇ ಸಂಚಕಾರ. ಎಲ್ಲರೂ ಕಾಯ್ತಿದ್ದಾರೆ."

"ನಿಮಗೆ ಜ್ವರ ಗಿರ ಬಂದಿದ್ಯೇನ್ರೀ? ನಾನು ಬರ್ಲಾ?"

ಮೇಡಂ ಅವನ ಕೈಯಿಂದ ಮೊಬೈಲು ಕಿತ್ತುಕೊಂಡು, "ನೀವೇನೂ ಗಾಬರಿ ಆಗ್ಬೇಡಿ ಅಮ್ಮಾ, ನಾವೆಲ್ಲ ಮಲಗಿಸ್ತಾ ಇದ್ದೀವಿ," ಎಂದು ಧೈರ್ಯ ಹೇಳಿ ಸ್ವಿಚ್ ಆಫ್ ಮಾಡಿದರು.

ಮಧ್ಯಾಹ್ನ ಕಳೆಯಿತು. ಬಿಸಿಲಿನ ಚೌಕ ನೆಲದಿಂದ ಹೊರಟು ನಿಧಾನವಾಗಿ ಗೋಡೆ ಹತ್ತತೊಡಗಿತು. ಎಡ ಮಗ್ಗುಲು ಆಯಿತು, ಬಲ ಮಗ್ಗುಲು ಆಯಿತು, ಬೋರಲು ಆಯಿತು. ಬಿಸಿ ಹಾಲು ತರಿಸಿ ಕುಡಿಸಿದರು. ಕಾಲೊತ್ತಿದರು. ಕೊಟೇಶನಪ್ಪನ ಕಣ್ಣು ಮಾತ್ರ ಗೂಬೆಯದಕ್ಕಿಂತ ದೊಡ್ಡದಾಗಿ ತೆರೆದೇ ಇತ್ತು.

ಕಡೆಗೆ ಮ್ಯಾನೇಜರಿಗೆ ತಾಳ್ಮೆ ತಪ್ಪಿತು. "ಒಂದು ನಿದ್ದೆ ಮಾಡೋಕೆ ಇಷ್ಟು ರಂಪವೇನ್ರೀ? ಇದೇನು ದೊಡ್ಡ ವಿದ್ಯೆಯಾ? ಏಳಿ ಈಚೆಗೆ, ತೋರಿಸ್ತೀನಿ." ಅವನನ್ನು ಎಬ್ಬಿಸಿ ತಾವೇ ಹತ್ತಿಯ ಹಾಸಿಗೆಯ ಮೇಲೆ ಕಾಲು ಚಾಚಿದರು. "ನೋಡ್ಕೊಳ್ಳಿ. ಮೊದಲು ಉಸಿರು ನಿಧಾನ. ಆಮೇಲೆ ಕೈ ಎರಡೂ ಹೊಟ್ಟೆ ಮೇಲೆ. ಆಮೇಲೆ ಕಣ್ಣು ಹೀಗೆ ಮುಚ್ಚಿ... ಯಾವುದರ ಬಗ್ಗೆಯೂ... ಯೋಚನೆ..."

ಮಾತು ಅಲ್ಲಿಗೆ ನಿಂತಿತು. ಎಲ್ಲರೂ ಮುಂದಿನ ಪಾಠಕ್ಕೆ ಕಾದರು. ಮುಂದಿನ ಪಾಠ ಮೂಗಿನಿಂದ ಬಂತು.

"ಅಯ್ಯೋ, ಮಲಗೇಬಿಟ್ರಲ್ಲ," ಎಂದು ಮೇಡಂ ಪಿಸುಗುಟ್ಟಿದರು. ಬೆಳಗಿನಿಂದ ನಿಂತು ನಿಂತು ಅವರ ಕಾಲು ಮರಗಟ್ಟಿತ್ತು. ನಾರಿನ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂರುತ್ತೇನೆ ಎಂದರು. ಆಮೇಲೆ ಒಂದು ನಿಮಿಷ ಒರಗುತ್ತೇನೆ ಎಂದರು. ಆಮೇಲೆ ಏನೂ ಎನ್ನಲಿಲ್ಲ. ಅವರ ಕನ್ನಡಕ ಮಾತ್ರ ಮೂಗಿನ ಮೇಲೆ ಎಚ್ಚರವಾಗಿತ್ತು. ತನ್ನ ಸರಕು ಮಾತ್ರ ಖಾಲಿ ಬಿದ್ದಿದೆಯಲ್ಲ ಎಂದು ಸ್ಪ್ರಿಂಗಿನವನು ಮಾನ ಕಾಯಲು ತಾನೇ ಅದರ ಮೇಲೆ ಮಲಗಿದ. ಜಗಳವಾಡಿ ಸುಸ್ತಾಗಿದ್ದ ನಾರಿನವನು, ಹತ್ತಿಯವನು ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು, ಒಬ್ಬನ ಹೆಗಲಿಗೆ ಒಬ್ಬ ತಲೆ ಕೊಟ್ಟು ತೂಕಡಿಸಿದರು. ಏಣಿಯ ಮೇಲೆ ಕುಂಚದ ಸದ್ದೂ ನಿಂತಿತು. ಪೇಂಟರು ಏಣಿಯ ಮೆಟ್ಟಿಲಿಗೆ ಕೆನ್ನೆ ಒತ್ತಿ, ಹಕ್ಕಿ ಕೊಂಬೆಯ ಮೇಲೆ ಮಲಗುವ ಹಾಗೆ ಮಲಗಿದ್ದ.

ಕೋಣೆಯೊಳಗೆ ಉಸಿರುಗಳು ಮಾತ್ರ, ದಂಡೆಗೆ ಬಂದು ಹೋಗುವ ನೀರಿನ ಹಾಗೆ. ಎಲ್ಲರ ನಡುವೆ ಕೊಟೇಶನಪ್ಪನೊಬ್ಬ ಬರಿಗಾಲಲ್ಲಿ ನಿಂತಿದ್ದ. ಮ್ಯಾನೇಜರ ಗಲ್ಲದ ಮೇಲೆ ಕೂತ ನೊಣವನ್ನು ಕೈಬೀಸಿ ಓಡಿಸಿದ. ಮೇಡಂ ಅವರ ಕನ್ನಡಕವನ್ನು ಮೆಲ್ಲಗೆ ತೆಗೆದು ತಲೆಯ ಪಕ್ಕ ಇಟ್ಟ. ಸದಾ ತನ್ನ ಮೇಲೆ ಹರಿಹಾಯುವ ಈ ಮುಖಗಳು ನಿದ್ದೆಯಲ್ಲಿ ಎಷ್ಟು ಸಾಧುವಾಗಿವೆ ಎನಿಸಿ ಅವನಿಗೆ ಎಲ್ಲರ ಮೇಲೂ ಒಂದು ಬಗೆಯ ಅಕ್ಕರೆ ಉಕ್ಕಿತು. ಆ ಅಕ್ಕರೆಯ ಹಿಂದೆಯೇ, ಅಷ್ಟು ಹೊತ್ತೂ ಕೈಗೆ ಸಿಗದೆ ಆಟವಾಡಿಸಿದ್ದ ನಿದ್ದೆ ಪಾದದಿಂದ ಮೊಣಕಾಲಿಗೆ, ಮೊಣಕಾಲಿಂದ ಸೊಂಟಕ್ಕೆ ಏರಿಬಂತು. ಎಲ್ಲಾದರೂ ಸರಿ, ಒಂದು ಮೂಲೆ ಸಿಕ್ಕರೆ ಸಾಕೆಂದು ಅವನು ಸುತ್ತ ನೋಡಿದ.

ಬಾಗಿಲಲ್ಲಿ ಯಜಮಾನರು ನಿಂತಿದ್ದರು.

ಯಜಮಾನರು ಮಲಗಿದವರನ್ನು ಒಬ್ಬೊಬ್ಬರಾಗಿ ನೋಡಿದರು. ಏಣಿಯ ಮೇಲೂ ನೋಡಿದರು. ಕೊನೆಗೆ, ಮೂಗಿನ ಮೇಲೆ ಬಿಳಿ ಚುಕ್ಕೆ ಇಟ್ಟುಕೊಂಡು ನೆಟ್ಟಗೆ ನಿಂತಿದ್ದ ಕೊಟೇಶನಪ್ಪನನ್ನು ನೋಡಿದರು.

"ಇಡೀ ಕಂಪನೀಲಿ ಎಚ್ಚರ ಇರೋನು ನೀನೊಬ್ಬನೇ ಏನಯ್ಯಾ?"

ಆ ದನಿಗೆ ಮ್ಯಾನೇಜರು ಎದ್ದು ಕೂತರು, ಮೇಡಂ ಕನ್ನಡಕ ತಡಕಾಡಿದರು, ಪೇಂಟರು ಏನೂ ಆಗದವನಂತೆ ಒಣಗಿದ ಕುಂಚವನ್ನು ಚಾವಣಿಗೆ ಎಳೆದ.

"ಹಾಸಿಗೆ ಪರೀಕ್ಷೆ ಮಾಡ್ತಿದ್ವಿ ಸಾರ್!" ಎಂದರು ಮ್ಯಾನೇಜರು, ಕೂದಲು ಸರಿಮಾಡಿಕೊಳ್ಳುತ್ತ. "ಈ ಕೊಟೇಶನಪ್ಪ ಬಿಡಿ ಸಾರ್, ಯಾವ ಕೆಲಸಕ್ಕೂ ಬರಲ್ಲ. ಬೆಳಿಗ್ಗೆಯಿಂದ ಎಷ್ಟು ಒದ್ದಾಡಿದ್ರೂ ಈ ಮನುಷ್ಯನಿಗೆ ನಿದ್ದೇನೇ ಬರಲಿಲ್ಲ. ಕೊನೆಗೆ ನಾವೇ ಮಾಡಬೇಕಾಯ್ತು."

"ಹೌದು ಸಾರ್, ನಾನೇ ಸಾಕ್ಷಿ," ಎಂದರು ಮೇಡಂ. "ಬಿಸಿ ಹಾಲು ಕುಡಿಸಿದ್ವಿ, ಕಾಲೊತ್ತಿದ್ವಿ. ಆದ್ರೂ ಕಣ್ಣು ಮುಚ್ಚಲಿಲ್ಲ."

ಯಜಮಾನರ ಮುಖ ಅರಳಿತು. "ಇಂಥೋನನ್ನೇ ನಾನು ಹುಡುಕ್ತಾ ಇದ್ದೆ! ಪೇಟೆ ನಡುವೆ ಶುರುವಾಗಿರೋ ಹೊಸ ಕಟ್ಟಡ ಇದ್ಯಲ್ಲ, ಅದರ ಲಾರಿಗಳನ್ನ ಊರೊಳಗೆ ರಾತ್ರಿ ಮಾತ್ರ ಬಿಡ್ತಾರೆ. ಇಳಿಸ್ಕೊಳ್ಳೋಕೆ ಯಾರನ್ನ ಹಾಕಿದ್ರೂ ಬೆಳಗ್ಗೆ ಹೋಗಿ ನೋಡಿದ್ರೆ ಗೊರಕೆ. ಹಾಸಿಗೆ ಮೇಲೆ ಮಲಗಿಸಿ, ಹಾಲು ಕುಡಿಸಿ, ಕಾಲೊತ್ತಿದರೂ ನಿದ್ದೆ ಬಾರದ ಮನುಷ್ಯ ಇನ್ನೆಲ್ಲಿ ಸಿಗ್ತಾನೆ? ಇವತ್ತಿಂದ ರಾತ್ರಿ ಲಾರಿಗಳ ಉಸ್ತುವಾರಿ ನಿಂದೇ ಕಣಯ್ಯಾ."

ಕೊಟೇಶನಪ್ಪನ ಮನಸ್ಸಿನೊಳಗೆ ಓಡುತ್ತಿದ್ದ ಲಾರಿಗಳು ಸಾಲದೆಂದು ಇನ್ನು ನಿಜವಾದವೂ ಬರುತ್ತವೆ. ಅವನು ಜೀವಮಾನದಲ್ಲಿ ಮೊದಲ ಸಲ ಧೈರ್ಯ ಮಾಡಿದ.

"ನಾನು ನಿದ್ದೆ ಮಾಡಿದ್ದೆ ಯಜಮಾನ್ರೇ! ಬೆಳಿಗ್ಗೆ! ನಾರಿನದರ ಮೇಲೆ! ಡ್ಯೂಟಿ ಹೊತ್ತಲ್ಲಿ! ಗೊರಕೆ ಸಮೇತ! ಬೇಕಾದ್ರೆ ಪೇಂಟರನ್ನೇ ಕೇಳಿ!"

ಪೇಂಟರು ಏಣಿಯ ಮೇಲಿನಿಂದ ಇಣುಕಿದ. ಒಳ್ಳೆಯ ಮನುಷ್ಯ, ಒಬ್ಬನ ಅನ್ನಕ್ಕೆ ಕಲ್ಲು ಹಾಕುವವನಲ್ಲ.

"ಛೇ ಛೇ, ಇಲ್ಲ ಯಜಮಾನ್ರೇ. ಅದು ನಿದ್ದೆ ಅಲ್ಲ, ಪರೀಕ್ಷೆ. ಅವರೇ ಬಾಯಿಬಿಟ್ಟು ಹೇಳಿದ್ರು."

"ಹೌದು, ಪರೀಕ್ಷೆ," ಎಂದರು ಮ್ಯಾನೇಜರು. ತಾವೀಗ ಮಾಡಿದ್ದೂ ಅದೇ ಆಗಿದ್ದರಿಂದ ಅವರು ಗಟ್ಟಿಯಾಗಿಯೇ ಹೇಳಿದರು.

"ವಿನಯ ನೋಡಿ!" ಎಂದು ಯಜಮಾನರು ಅವನ ಬೆನ್ನು ತಟ್ಟಿದರು.

ಹಾಸಿಗೆಯ ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೂರರ ಮೇಲೂ ಜನ ಹೆಣದ ಹಾಗೆ ಮಲಗಿದ್ದನ್ನು ಯಜಮಾನರೇ ಕಣ್ಣಾರೆ ಕಂಡಿದ್ದರು. ಹಾಗಾದರೆ ಮೂರೂ ಒಂದೇ. ಯಾವುದು ಅಗ್ಗವೋ ಅದು ಎಂದರು. ಹತ್ತಿಯವನು ಗೆದ್ದ. ಸೋತವರಿಬ್ಬರೂ ತಮ್ಮ ತಮ್ಮ ಹಾಸಿಗೆ ಸುತ್ತಿ ಹೆಗಲಿಗೇರಿಸಿಕೊಂಡು ಹೋದರು. ಗೆದ್ದ ಹಾಸಿಗೆಗೆ ಮೇಡಂ ದಾರ ಕಟ್ಟಿ, ಅರಗು ಕಾಯಿಸಿ ಮುದ್ರೆ ಒತ್ತಿದರು. ಮುಂದೆ ಬರುವ ಹಾಸಿಗೆಗಳನ್ನೆಲ್ಲ ಇದರ ಜೊತೆ ಹೋಲಿಸಿ ನೋಡಬೇಕು. ಆದ್ದರಿಂದ ಅಲ್ಲಿಯವರೆಗೆ ಇದರ ಮೇಲೆ ಯಾರೂ ಮಲಗಕೂಡದು, ಕೂರಲೂ ಕೂಡದು ಎಂದು ಕೊಟೇಶನಪ್ಪನನ್ನೇ ನೋಡುತ್ತ ಹೇಳಿದರು. ಆಮೇಲೆ ಎಲ್ಲರೂ ಟೀ ಕುಡಿಯಲು ಕೆಳಗಿಳಿದರು. ಪೇಂಟರೂ ಹೋದ.

ಕೋಣೆಯಲ್ಲಿ ಕೊಟೇಶನಪ್ಪನೊಬ್ಬನೇ ಉಳಿದ. ಮುದ್ರೆಯ ಹಾಸಿಗೆಯ ಪಕ್ಕದಲ್ಲಿ, ಬರಿಯ ಟೈಲ್ಸಿನ ಮೇಲೆ ಮೆಲ್ಲಗೆ ಕೂತ. ಒರಗಿದ. ಟೈಲ್ಸು ತಣ್ಣಗಿತ್ತು. ಗೋಡೆಯ ಮೇಲಿನ ಬಿಸಿಲು ಕಿತ್ತಳೆಯಾಗಿ, ಕೆಂಪಾಗಿ, ಕರಗುತ್ತಿತ್ತು. ದಿಂಬಿಲ್ಲ, ಹೊದಿಕೆಯಿಲ್ಲ, ನೋಡುವವರಿಲ್ಲ. ತೋಳನ್ನೇ ತಲೆಗಿಟ್ಟುಕೊಂಡು ಅವನು ಒಂದು ಉದ್ದನೆಯ ಉಸಿರು ಬಿಟ್ಟ. ಆ ಉಸಿರು ಪೂರ್ತಿ ಹೊರಗೆ ಹೋಗುವ ಮುಂಚೆಯೇ, ತಿಂಗಳುಗಳಿಂದ ಬಾಕಿಯಿದ್ದ ನಿದ್ದೆಯೆಲ್ಲ ಒಟ್ಟಿಗೆ ಬಂದು ಅವನನ್ನು ಅಪ್ಪಿಕೊಂಡಿತು. ಈ ಸಲ ಕನಸಿನಲ್ಲಿ ಲಾರಿ ಇರಲಿಲ್ಲ, ಮರಳು ಇರಲಿಲ್ಲ. ಬರಿಯ ಬಯಲು, ಅದರ ಮೇಲೆ ಬರಿಯ ಗಾಳಿ.

ಕಾರು ಹತ್ತುವ ಮುಂಚೆ ಹೊಸ ಉಸ್ತುವಾರಿಗೆ ಇನ್ನೊಂದು ಮಾತು ಹೇಳಬೇಕೆಂದು ಯಜಮಾನರು ಎಲ್ಲರನ್ನೂ ಕಟ್ಟಿಕೊಂಡು ಮತ್ತೆ ಮೇಲೆ ಬಂದರು. ನೆಲದ ಮೇಲೆ ಕೊಟೇಶನಪ್ಪ ಕಾಲು ಮಡಚಿಕೊಂಡು, ಬಾಯಿ ಅರ್ಧ ತೆರೆದು, ಲೋಕದ ಹಂಗಿಲ್ಲದೆ ಮಲಗಿದ್ದ. ಮ್ಯಾನೇಜರು ಇವತ್ತಿಗೆ ಇವನ ಕತೆ ಮುಗಿಯಿತು ಎಂದುಕೊಂಡರು.

ಯಜಮಾನರು ಮಾತ್ರ ಬಹಳ ಹೊತ್ತು ನೋಡಿ, ತಲೆದೂಗಿದರು.

"ನೋಡಿ ಕಲೀರಿ ಎಲ್ಲಾ," ಎಂದರು, ಮೆಲುದನಿಯಲ್ಲಿ. "ರಾತ್ರಿ ಎಚ್ಚರ ಇರಬೇಕು ಅಂತ ಸಾಯಂಕಾಲವೇ ನಿದ್ದೆ ಮುಗಿಸ್ಕೊಳ್ತಾ ಇದ್ದಾನೆ. ನಿದ್ದೇನ ಬೇಕಾದಾಗ ತರಿಸೋದು, ಬೇಡದಾಗ ತಡೆಯೋದು. ಪ್ಲ್ಯಾನಿಂಗ್ ಅಂದ್ರೆ ಇದು ಕಣ್ರೀ!"

ಅವರಿಗೆ ಸಂತೋಷ ತಡೆಯಲಾಗಲಿಲ್ಲ. ಬಗ್ಗಿ, ಕೊಟೇಶನಪ್ಪನ ಎರಡೂ ಭುಜ ಹಿಡಿದು ಅಲುಗಾಡಿಸಿ ಎಬ್ಬಿಸಿ, ಅವನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಬಲವಾಗಿ ಕುಲುಕಿದರು. ಕೊಟೇಶನಪ್ಪ ಬಯಲಿನ ನಡುವಿನಿಂದ ಕಣ್ಣು ಬಿಟ್ಟು, ಯಾರದೋ ಕೈ ತನ್ನ ಕೈಯಲ್ಲಿರುವುದನ್ನು ಪಿಳಿಪಿಳಿ ನೋಡಿದ.

"ಬರೀ ನೆಲದ ಮೇಲೂ ಇವರಿಗೆ ನಡೆಯುತ್ತೆ ಅಂತಾಯ್ತು," ಎಂದರು ಲೆಕ್ಕದ ಮೇಡಂ, ಮೆಚ್ಚುಗೆಯಿಂದ. "ಹಾಗಾದ್ರೆ ಇವರ ಉಸ್ತುವಾರಿ ಕೋಣೆಗೆ ಅಂತ ಸೇರಿಸಿದ್ದ ಹಾಸಿಗೇನ ಆರ್ಡರಿಂದ ತೆಗೆದುಬಿಡ್ತೀನಿ ಸಾರ್."